ನಾನಿಯ ನಡುನೋವು ಮತ್ತು ಬೆನ್ನುಮೂಳೆಯ ಸಿಮೆಂಟ್ ಚಿಕಿತ್ಸೆ

(ಸಂಸ್ಥೆಯ ವಾರ್ಷಿಕ ಸಮಾರಂಭದ ಆರೋಗ್ಯ ಗೋಷ್ಠಿಯಲ್ಲಿ, ರಾಯಚೂರಿನಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯಳಲ್ಲ. ಬಿ.ಎಡ್. ಮಾಡಿ ಮಕ್ಕಳಿಗೆ ಉರ್ದು ಮತ್ತು ಕನ್ನಡ ಕಲಿಸುವವಳು. ಆರೋಗ್ಯದ ಮೇಲೆ ಮಾತಾಡಿ ಎಂದು ಸಂಸ್ಥೆಯವರು ಹೇಳಿದಾಗ, ಯಾರಾದರೂ ಎಲುಬು ಡಾಕ್ಟರನ್ನು ಕರೆಯಿರಿ ಎಂದೆ. "ಡಾಕ್ಟರು ರೋಗದ ಬಗ್ಗೆ ಹೇಳುತ್ತಾರೆ, ನೀವು ಮನೆಯಲ್ಲಿ ನಡೆದದ್ದನ್ನು ಹೇಳಿ" ಎಂದರು. ಅದಕ್ಕೇ ನಿಂತಿದ್ದೇನೆ. ನಮ್ಮ ಮನೆಯಲ್ಲಿ ನಡೆದದ್ದರಲ್ಲಿ ನಮ್ಮ ತಪ್ಪೂ ಇದೆ, ಅದನ್ನೂ ಹೇಳುತ್ತೇನೆ.

ನಮ್ಮ ನಾನಿ, ಅಂದರೆ ಅಮ್ಮಿಯ ತಾಯಿ, ದೇವದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ ಮಾಮುವಿನ ಮನೆಯಲ್ಲಿ ಇದ್ದರು. ನಾನು ಬುದ್ಧಿ ತಿಳಿದಾಗಿನಿಂದ ಅವರ ಬಾಯಲ್ಲಿ ಕೇಳಿದ ಮಾತು "ಕಮರ್ ಟೂಟ್ ಗಯಿ." ಬಟ್ಟೆ ಒಗೆದರೆ ಕಮರ್ ಟೂಟ್ ಗಯಿ, ರೊಟ್ಟಿ ಬಡಿದರೆ ಕಮರ್ ಟೂಟ್ ಗಯಿ, ಸಕ್ಕರೆಯ ಬೆಲೆ ಏರಿದರೂ ಕಮರ್ ಟೂಟ್ ಗಯಿ. ಕನ್ನಡದ ನೆರೆಯವರೂ "ನಡ ಮುರೀತು ನೋಡವ್ವ" ಎನ್ನುತ್ತಿದ್ದರು. ಎರಡೂ ಭಾಷೆಯಲ್ಲಿ ಇದೊಂದು ನುಡಿಗಟ್ಟು. ಭಾಷೆ ಕಲಿಸುವವಳಾದ ನಾನೇ ಅದನ್ನು ನುಡಿಗಟ್ಟು ಎಂದು ಪಾಠ ಮಾಡಿದ್ದೇನೆ. 2019ರ ಜನವರಿಯಲ್ಲಿ ಒಂದು ಬೆಳಿಗ್ಗೆ ನಾನಿ ನಲ್ಲಿಯ ಹತ್ತಿರ ಬಗ್ಗಿ ತುಂಬಿದ ಕೊಡ ಎತ್ತಿದರು. ಒಳಗೆ ಏನೋ ಲಟಕ್ ಎಂದಂತಾಯಿತು. ಅಲ್ಲಿಯೇ ಕುಳಿತು ಅದೇ ಮಾತು ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ದಿನ ಅದು ನುಡಿಗಟ್ಟಾಗಿರಲಿಲ್ಲ. ನಿಜವಾಗಿಯೂ ಮುರಿದಿತ್ತು.

ಅವರು ಬಿದ್ದಿರಲಿಲ್ಲ, ಪೆಟ್ಟು ತಿಂದಿರಲಿಲ್ಲ. ಆದ್ದರಿಂದ ಎಲುಬು ಮುರಿದಿರಬಹುದು ಎಂಬ ಯೋಚನೆ ಯಾರಿಗೂ ಬರಲಿಲ್ಲ. ಹಳ್ಳಿಯ ಆರ್.ಎಂ.ಪಿ. ವೈದ್ಯರು ಬಂದು ಎರಡು ಇಂಜೆಕ್ಷನ್ ಕೊಟ್ಟರು. ಬಳಿಕ ನಡು ತಿಕ್ಕುವವರೊಬ್ಬರು ಬಂದು ಎಣ್ಣೆ ಹಚ್ಚಿ, ಬೋರಲು ಮಲಗಿಸಿ, ಮೊಣಕೈಯಿಂದ ಒತ್ತಿದರು. ನಾನಿ ಚೀರಿದ್ದು ಮೂರು ಮನೆಗೆ ಕೇಳಿತಂತೆ. ಮುರಿದ ಎಲುಬಿನ ಮೇಲೆ ಹಾಗೆ ಒತ್ತಿಸಿದ್ದು ನಾವೇ, ಮನೆಯವರೇ. ಮೂರು ವಾರ ಹೊರಸಿನ ಮೇಲೆ ಕಳೆದರು. ಮಗ್ಗುಲು ತಿರುಗಿದರೆ ನೋವು, ಕೆಮ್ಮಿದರೆ ನೋವು. ಬಯಲಿಗೆ ಹೋಗಲಾರೆ ಎಂದು ಊಟ ಬಿಟ್ಟರು. ನಮಾಜಿನಲ್ಲಿ ಸಜ್ದಾ ಇರಲಿ, ಕುಳಿತು ರುಕೂ ಮಾಡುವುದೂ ಆಗಲಿಲ್ಲ. ಸುದ್ದಿ ತಿಳಿದು ಅಮ್ಮಿ ಮಾನ್ವಿಯಿಂದ ಹೋಗಿ ಅವರನ್ನು ರಾಯಚೂರಿಗೆ ಕರೆತಂದರು. ಆ ರಸ್ತೆಯ ಪ್ರತಿ ತಗ್ಗನ್ನೂ ನಾನಿ ಎಣಿಸಿದರು.

ರಾಯಚೂರಿನಲ್ಲಿ ಎಕ್ಸ್-ರೇ ತೆಗೆಸಿದೆವು. ಡಾಕ್ಟರು ಅದನ್ನು ದೀಪದ ಮುಂದೆ ಹಿಡಿದು ನನ್ನನ್ನು ಕರೆದು ತೋರಿಸಿದರು. ನೋಡಿ, ನಮ್ಮ ಬೆನ್ನಿನಲ್ಲಿ ಒಂದರ ಮೇಲೊಂದು ಜೋಡಿಸಿದ, ಅಲುಗಾಡುವ 24 ಮಣಿಗಳಿವೆ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಕನ್ನಡದಲ್ಲಿ ನಾವು ಮಣಿ ಎನ್ನುತ್ತೇವೆ, ಪುಸ್ತಕದಲ್ಲಿ ಕಶೇರುಕ ಎಂದು ಬರೆಯುತ್ತಾರೆ. ಉರ್ದುವಿನಲ್ಲಿ ಮೊಹ್ರಾ. ಚದುರಂಗದ ಕಾಯಿಗೂ ಅದೇ ಹೆಸರು. ನಾನಿಯ ಸೊಂಟದ ಮೊದಲನೆಯ ಮೊಹ್ರಾ, ಚೌಕಾಕಾರವಾಗಿ ಇರಬೇಕಾದದ್ದು, ಮುಂದಿನ ಭಾಗದಲ್ಲಿ ಕುಸಿದು ಬಡಗಿಯ ಬೆಣೆಯಂತೆ ಆಗಿತ್ತು. ಎದೆಯ ಭಾಗ ಮುಗಿದು ಸೊಂಟ ಶುರುವಾಗುವ ಈ ಜಾಗದಲ್ಲಿಯೇ ಇಂಥ ಕುಸಿತ ಹೆಚ್ಚು. ಮೇಲೆ ಪಕ್ಕೆಲುಬಿನ ಆಸರೆಯಿಂದ ಬಿಗಿಯಾಗಿರುವ ಬೆನ್ನು ಇಲ್ಲಿಂದ ಕೆಳಗೆ ಸಡಿಲ. ಬಗ್ಗಿದಾಗ ಭಾರವೆಲ್ಲ ಇಲ್ಲಿ ಬೀಳುತ್ತದೆ.

ಕೊಡ ಎತ್ತಿದ್ದಕ್ಕೇ ಎಲುಬು ಮುರಿಯುತ್ತದೆಯೇ ಎಂದು ಕೇಳಿದೆ. ಒಳಗಿನ ಎಲುಬು ಗಟ್ಟಿ ಇದ್ದರೆ ಮುರಿಯುವುದಿಲ್ಲ, ಇವರದು ಗೆದ್ದಲು ತಿಂದ ತೊಲೆಯಂತೆ ಆಗಿದೆ ಎಂದರು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬಿನ ಸಾಂದ್ರತೆ ವೇಗವಾಗಿ ಇಳಿಯುತ್ತದೆ. ಇದಕ್ಕೆ ಆಸ್ಟಿಯೊಪೊರೋಸಿಸ್, ಕನ್ನಡದಲ್ಲಿ ಟೊಳ್ಳು ಮೂಳೆ ರೋಗ ಎನ್ನುತ್ತಾರೆ. ಅದರ ಮೇಲೆ ನಾನಿ ಐದಾರು ವರ್ಷ ಮೊಣಕಾಲು ನೋವಿಗೆಂದು ಹಳ್ಳಿಯಲ್ಲಿ ಕೊಡುವ ಸಣ್ಣ ಬಿಳಿ ಗುಳಿಗೆ ನುಂಗುತ್ತಿದ್ದರು. ಚೀಟಿ ಇಲ್ಲ, ಹೆಸರಿಲ್ಲ, ಕಾಗದದಲ್ಲಿ ಕಟ್ಟಿಕೊಟ್ಟದ್ದು. ಉಳಿದಿದ್ದ ಎರಡನ್ನು ಡಾಕ್ಟರಿಗೆ ತೋರಿಸಿದಾಗ ಅದು ಸ್ಟೀರಾಯ್ಡ್ ಎಂದರು. ನೋವು ಒಂದೇ ದಿನದಲ್ಲಿ ಇಳಿಯುತ್ತದೆ, ಹಸಿವೆ ಹೆಚ್ಚುತ್ತದೆ, ಎಲುಬು ಮಾತ್ರ ಒಳಗಿಂದ ಕರಗುತ್ತದೆ. ಸ್ಟೀರಾಯ್ಡ್ ಕೆಟ್ಟ ಔಷಧವೆಂದು ನಾನು ಹೇಳುತ್ತಿಲ್ಲ. ದಮ್ಮು ಮುಂತಾದ ರೋಗಗಳಲ್ಲಿ ಜೀವ ಉಳಿಸುತ್ತದೆ. ಇವತ್ತು ಆ ಗುಳಿಗೆ ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಕೇಳಿ ಏಕಾಏಕಿ ಬಿಡಬೇಡಿ, ಅದೂ ಅಪಾಯ. ಡಾಕ್ಟರ ಹತ್ತಿರ ಹೋಗಿ ಹಂತ ಹಂತವಾಗಿ ಇಳಿಸಿಕೊಳ್ಳಬೇಕು.

ಇನ್ನೊಂದು ಗುರುತು ನಮ್ಮ ಕಣ್ಣ ಮುಂದೆಯೇ ಇತ್ತು. ನಾನಿಯ ಬುರ್ಖಾ ನೆಲಕ್ಕೆ ತಾಗುತ್ತದೆಂದು ಎರಡು ಮೂರು ವರ್ಷಕ್ಕೊಮ್ಮೆ ಅಂಚು ಮಡಚಿ ಹೊಲಿಸುತ್ತಿದ್ದೆವು. ಬಟ್ಟೆ ಉದ್ದವಾಗಲಿಲ್ಲವಲ್ಲ, ಮನುಷ್ಯರು ಗಿಡ್ಡವಾಗಿದ್ದರು. ಬೆನ್ನುಮಣಿಗಳು ಒಂದೊಂದಾಗಿ ಸದ್ದಿಲ್ಲದೆ ಕುಸಿಯುತ್ತ ಹೋದರೆ ಎತ್ತರ ಕಡಿಮೆಯಾಗುತ್ತದೆ, ಬೆನ್ನು ಗೂನಾಗುತ್ತದೆ. ಇಂಥ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಒಂದು ಮಾತ್ರ ವೈದ್ಯರ ಗಮನಕ್ಕೆ ಬರುತ್ತದೆಯಂತೆ. ಉಳಿದವನ್ನು ನಾವು ಮುಪ್ಪು ಎಂದುಕೊಳ್ಳುತ್ತೇವೆ.

ಈಗ ಚಿಕಿತ್ಸೆಯ ವಿಷಯ. ರಾಯಚೂರಿನ ಡಾಕ್ಟರು ಮೊದಲು ಸೂಜಿಯ ಮಾತೇ ಎತ್ತಲಿಲ್ಲ. ಬೆಲ್ಟು, ನೋವಿನ ಗುಳಿಗೆ, ಕೆಲವು ದಿನ ವಿಶ್ರಾಂತಿ, ಆಮೇಲೆ ಮೆಲ್ಲಗೆ ನಡೆದಾಡುವುದು. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ಎಲುಬು ತಾನೇ ಕೂಡಿಕೊಂಡು ನೋವು ಇಳಿಯುತ್ತದೆ ಎಂದರು. ನಾನಿಗೆ ಇಳಿಯಲಿಲ್ಲ. ನೋವಿನ ಗುಳಿಗೆಯಿಂದ ಹೊಟ್ಟೆ ಉರಿ, ಮಲಗಿ ಮಲಗಿ ಬೆನ್ನಿನ ಚರ್ಮ ಕೆಂಪು. ಆಗ ಎಂ.ಆರ್.ಐ. ಮಾಡಿಸಿದರು. ಮಣಿಯ ಒಳಗೆ ಇನ್ನೂ ಹಸಿ ಇದೆ, ಮುರಿತ ಹೊಸದು, ನೋವು ಬರುತ್ತಿರುವುದು ಅಲ್ಲಿಂದಲೇ ಎಂದು ಅದರಲ್ಲಿ ಕಂಡಿತು. ಆಗ ಬಂದದ್ದು ಈ ಹೆಸರು: ವರ್ಟಿಬ್ರೋಪ್ಲಾಸ್ಟಿ.

ಇದು ಹುಟ್ಟಿದ್ದು ಫ್ರಾನ್ಸ್ ದೇಶದ ಆಮ್ಯಾಂ ಎಂಬ ಊರಿನಲ್ಲಿ, 1984ರಲ್ಲಿ. ಗಾಲಿಬೇರ್ ಮತ್ತು ದೆರಾಮೋಂ ಎಂಬ ವೈದ್ಯರು ಒಬ್ಬ ಹೆಂಗಸಿನ ಕತ್ತಿನ ಮಣಿಯನ್ನು ರಕ್ತನಾಳದ ಗಂಟು ಟೊಳ್ಳು ಮಾಡಿದ್ದಾಗ, ಅದರೊಳಗೆ ಸೂಜಿಯಿಂದ ಎಲುಬಿನ ಸಿಮೆಂಟ್ ತುಂಬಿದರು. ಆಕೆಯ ನೋವು ಹೋಯಿತು. 1987ರಲ್ಲಿ ಅದನ್ನು ಪ್ರಕಟಿಸಿದರು. ಬಳಿಕ ಟೊಳ್ಳು ಮೂಳೆಯ ಮುರಿತಗಳಿಗೂ ಇದನ್ನು ಬಳಸತೊಡಗಿದರು. ಸಿಮೆಂಟ್ ಅಂದರೆ ಮನೆ ಕಟ್ಟುವ ಸಿಮೆಂಟ್ ಅಲ್ಲ, ಮಕ್ಕಳೇ. ಅದು ಅಕ್ರಿಲಿಕ್, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಮಾಡುವ ಜಾತಿಯ ವಸ್ತು. ಪುಡಿ ಮತ್ತು ದ್ರವ ಬೆರೆಸಿದರೆ ಟೂತ್‌ಪೇಸ್ಟಿನಂತೆ ಆಗಿ, ಸ್ವಲ್ಪ ಹೊತ್ತಿನಲ್ಲಿ ಬಿಸಿಯಾಗಿ ಕಲ್ಲಾಗುತ್ತದೆ. ಎಕ್ಸ್-ರೇಯಲ್ಲಿ ಕಾಣಲೆಂದು ಬೇರಿಯಂ ಸೇರಿಸುತ್ತಾರೆ.

ನಾನಿಯನ್ನು ಹೈದರಾಬಾದಿಗೆ ಕರೆದೊಯ್ದೆವು. ಬೋರಲು ಮಲಗಿಸಿದರು. ಪೂರ್ತಿ ಮತ್ತು ಬರಿಸಲಿಲ್ಲ, ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಮಂಪರು ಬರುವ ಔಷಧ ಹಾಕಿದರು. ಚಲಿಸುವ ಎಕ್ಸ್-ರೇ ಯಂತ್ರದಲ್ಲಿ ನೋಡುತ್ತ, ಬೆನ್ನಿನ ಕಡೆಯಿಂದ ಮಣಿಯ ಒಳಗೆ ದಪ್ಪ ಸೂಜಿ ಇಳಿಸಿ, ಕೆಲವೇ ಮಿಲಿಲೀಟರಿನಷ್ಟು ಸಿಮೆಂಟ್ ನಿಧಾನವಾಗಿ ತುಂಬಿದರು. ಒಂದು ಟೀ ಚಮಚ ಎಂದುಕೊಳ್ಳಿ. ಹೊಲಿಗೆ ಇಲ್ಲ, ಪಟ್ಟಿ ಅಂಟಿಸಿದರು, ಅಷ್ಟೇ. ಒಂದು ತಾಸಿನೊಳಗೆ ಮುಗಿಯಿತು. ಸಂಜೆ ನಾನಿ ಕುಳಿತರು. ಮರುದಿನ ಗೋಡೆ ಹಿಡಿದು ಸಂಡಾಸಿಗೆ ತಾವೇ ನಡೆದು ಹೋದರು. ಐದು ವಾರದ ಬಳಿಕ! ಅಮ್ಮಿ ವಾರ್ಡಿನಲ್ಲಿಯೇ ಅತ್ತುಬಿಟ್ಟರು.

ಇದಕ್ಕೆ ಒಬ್ಬ ಅಣ್ಣ ಇದ್ದಾನೆ, ಕೈಫೋಪ್ಲಾಸ್ಟಿ. ಅಮೆರಿಕದಲ್ಲಿ 1998ರಿಂದ ಬಳಕೆಗೆ ಬಂದದ್ದು. ಕುಸಿದ ಮಣಿಯೊಳಗೆ ಮೊದಲು ಸಣ್ಣ ಬಲೂನು ಉಬ್ಬಿಸಿ ಜಾಗ ಮಾಡಿ, ಬಲೂನು ಹೊರಗೆ ತೆಗೆದು, ಆ ಗೂಡಿಗೆ ಸಿಮೆಂಟ್ ತುಂಬುತ್ತಾರೆ. ಖರ್ಚು ಹೆಚ್ಚು.

ಇಲ್ಲಿಗೆ ನಿಲ್ಲಿಸಿದರೆ ನೀವೆಲ್ಲ ಚಪ್ಪಾಳೆ ತಟ್ಟಿ, ನಾಳೆಯೇ ನಿಮ್ಮ ದಾದಿ, ಅಜ್ಜಿಯರನ್ನು ಸಿಮೆಂಟ್ ಹಾಕಿಸಲು ಕರೆದೊಯ್ಯುತ್ತೀರಿ. ಆದರೆ ನಾನು ಆಮೇಲೆ ಓದಿದ್ದನ್ನು ಮುಚ್ಚಿಡಲಾರೆ. ವಿಜ್ಞಾನ ಓದುವ ವಿದ್ಯಾರ್ಥಿಗಳು ಈ ಭಾಗವನ್ನು ಗಮನವಿಟ್ಟು ಕೇಳಿ.

2009ರ ಆಗಸ್ಟಿನಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ಅಧ್ಯಯನ ಒಟ್ಟಿಗೆ ಬಂದವು. ಒಂದು ಆಸ್ಟ್ರೇಲಿಯದ್ದು, 78 ರೋಗಿಗಳು. ಇನ್ನೊಂದು ಅಮೆರಿಕದವರು ಮುಂದಾಳಾಗಿ ಮಾಡಿದ್ದು, 131 ರೋಗಿಗಳು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ನಿಜವಾದ ಸಿಮೆಂಟ್. ಇನ್ನೊಂದು ಪಾಲಿಗೆ ನಾಟಕ. ಅದೇ ಮೇಜು, ಅದೇ ಮರಗಟ್ಟುವ ಇಂಜೆಕ್ಷನ್, ಬೆನ್ನಿನ ಮೇಲೆ ಒತ್ತುವುದು. ಸಿಮೆಂಟಿನ ಡಬ್ಬಿಯನ್ನೂ ಅಲ್ಲಿಯೇ ತೆರೆದರು, ಏಕೆಂದರೆ ಅದಕ್ಕೆ ಘಾಟು ವಾಸನೆ ಇರುತ್ತದೆ, ವಾಸನೆ ಬಾರದಿದ್ದರೆ ರೋಗಿಗೆ ಅನುಮಾನ ಬರುತ್ತದೆ. ಆದರೆ ಬೆನ್ನಿಗೆ ಸಿಮೆಂಟ್ ಹಾಕಲಿಲ್ಲ. ಯಾರಿಗೆ ಏನಾಯಿತೆಂದು ರೋಗಿಗೆ ಗೊತ್ತಿಲ್ಲ. ರೋಗಿಗಳು ಮೊದಲೇ ಒಪ್ಪಿ ಸಹಿ ಮಾಡಿದ್ದರು, ಅದು ಮೋಸವಲ್ಲ. ಒಂದು ತಿಂಗಳ ಬಳಿಕ ನೋಡಿದರೆ ಎರಡೂ ಪಾಲಿನವರ ನೋವು ಹೆಚ್ಚು ಕಡಿಮೆ ಒಂದೇ ಸಮ ಇಳಿದಿತ್ತು!

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗಾದರೆ ನಾನಿ ಎದ್ದು ನಡೆದದ್ದು ಸಿಮೆಂಟಿನಿಂದಲೋ, ಐದು ವಾರ ಕಳೆದಿದ್ದರಿಂದಲೋ, ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಕೈ ಹಿಡಿದು "ಸರಿ ಹೋಗ್ತದೆ ಅಮ್ಮ" ಎಂದಿದ್ದರಿಂದಲೋ?

ವಾದ ಅಲ್ಲಿಗೆ ಮುಗಿಯಲಿಲ್ಲ. ಆ ಅಧ್ಯಯನಗಳಲ್ಲಿ ತಿಂಗಳುಗಟ್ಟಲೆ ಹಳೆಯದಾದ ಮುರಿತಗಳೂ ಸೇರಿದ್ದವು ಎಂದು ಆಕ್ಷೇಪ ಬಂತು. 2010ರಲ್ಲಿ ಯುರೋಪಿನ ಒಂದು ಅಧ್ಯಯನ 202 ಜನರಲ್ಲಿ ಸಿಮೆಂಟ್ ಹಾಕಿಸಿಕೊಂಡವರಿಗೆ ಗುಳಿಗೆ ನುಂಗಿದವರಿಗಿಂತ ಬೇಗ ನೋವು ಇಳಿಯಿತು ಎಂದಿತು. ಆದರೆ ಅಲ್ಲಿ ನಾಟಕ ಇರಲಿಲ್ಲ, ಯಾರಿಗೆ ಏನೆಂದು ಎಲ್ಲರಿಗೂ ಗೊತ್ತಿತ್ತು. 2016ರಲ್ಲಿ ಆಸ್ಟ್ರೇಲಿಯದ ಇನ್ನೊಂದು ತಂಡ ಆರು ವಾರದೊಳಗಿನ ಹೊಸ ಮುರಿತ ಮತ್ತು ತೀವ್ರ ನೋವು ಇರುವ 120 ಜನರನ್ನು ಮಾತ್ರ ಆರಿಸಿತು. ಎರಡು ವಾರದಲ್ಲಿ ನೋವು ಚೆನ್ನಾಗಿ ಇಳಿದವರು ಸಿಮೆಂಟಿನ ಪಾಲಿನಲ್ಲಿ ನೂರಕ್ಕೆ 44, ನಾಟಕದ ಪಾಲಿನಲ್ಲಿ ನೂರಕ್ಕೆ 21. ಸರಿ, ಇದು ಗೆದ್ದಿತು ಎನ್ನುವಷ್ಟರಲ್ಲಿ 2018ರಲ್ಲಿ ನೆದರ್ಲೆಂಡ್ಸಿನವರು 180 ಜನರಲ್ಲಿ ಮತ್ತೆ ನಾಟಕದೊಂದಿಗೆ ಹೋಲಿಸಿ, ವ್ಯತ್ಯಾಸವಿಲ್ಲ ಎಂದರು. ಎಲ್ಲ ಅಧ್ಯಯನಗಳನ್ನೂ ಕೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯವರೂ ಅದೇ ವರ್ಷ, ಎಲ್ಲರಿಗೂ ವಾಡಿಕೆಯಾಗಿ ಇದನ್ನು ಮಾಡಲು ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂದರು.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ನಾನಿಯಂತೆ ಹೊಸ ಮುರಿತವಾಗಿ, ಎಂ.ಆರ್.ಐ.ಯಲ್ಲಿ ಹಸಿ ಕಂಡು, ವಾರಗಟ್ಟಲೆ ಔಷಧ ಕೊಟ್ಟರೂ ಹಾಸಿಗೆಯಿಂದ ಏಳಲಾಗದವರಿಗೆ ಇದನ್ನು ಯೋಚಿಸಬಹುದು. ಮೊದಲ ವಾರದಲ್ಲಿಯೇ "ಇವತ್ತೇ ಮಾಡಿಸಿ" ಎಂದು ಅವಸರ ಮಾಡುವವರಿದ್ದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ಅಪಾಯವೂ ಇದೆ. ಸಿಮೆಂಟ್ ಸೋರಿ ನರದ ಕಾಲುವೆಗೆ ಇಳಿದರೆ ಕಾಲಿನ ಶಕ್ತಿ ಹೋಗಬಹುದು, ರಕ್ತನಾಳದ ಮೂಲಕ ಶ್ವಾಸಕೋಶಕ್ಕೂ ಹೋಗಬಹುದು. ಗಂಭೀರವಾಗುವುದು ಅಪರೂಪ, ಆದರೆ ಆಗುತ್ತದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಮೈಯಲ್ಲಿ ಸೋಂಕು ಇದ್ದವರಿಗೆ ಮಾಡುವುದಿಲ್ಲ.

ಸೋಂಕು ಎಂದಾಗ ನಮ್ಮ ಭಾಗದವರು ಕ್ಷಯವನ್ನು ಮರೆಯಬಾರದು. ಬೆನ್ನುಮಣಿ ಕುಸಿಯುವುದಕ್ಕೆ ಟಿ.ಬಿ.ಯೂ ಒಂದು ದೊಡ್ಡ ಕಾರಣ. ಇಂಗ್ಲೆಂಡಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1779ರಲ್ಲಿಯೇ ಇದರ ಬಗ್ಗೆ ಬರೆದಿದ್ದಾನೆ. ಸಂಜೆ ಜ್ವರ, ತೂಕ ಇಳಿತ, ರಾತ್ರಿ ಹೆಚ್ಚುವ ನೋವು, ಅದರಲ್ಲೂ ಹರೆಯದವರಲ್ಲಿ, ಇದ್ದರೆ ಅದಕ್ಕೆ ಸಿಮೆಂಟ್ ಅಲ್ಲ, ತಿಂಗಳುಗಟ್ಟಲೆ ತಪ್ಪದೆ ಗುಳಿಗೆ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕೆಲವು ಸಲ ರಕ್ತದ ಅಥವಾ ಬೇರೆ ಅಂಗದ ಕ್ಯಾನ್ಸರ್ ಕೂಡ ಬೆನ್ನುಮಣಿಯಲ್ಲಿಯೇ ಮೊದಲು ಕಾಣಿಸುತ್ತದೆ. ಕಾಲು ಜೋಮು ಹಿಡಿದರೆ, ಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಶುಕ್ರವಾರ ಮುಗಿಯಲಿ, ಮದುವೆ ಮುಗಿಯಲಿ ಎಂದು ಕಾಯಬೇಡಿ. ಇನ್ನು ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಅದರಿಂದಲೂ ಬೆನ್ನು ಸೆಟೆದುಕೊಳ್ಳುತ್ತದೆ. ಅದು ಬೇರೆಯೇ ಒಂದು ಭಾಷಣದ ವಿಷಯ.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ಹೈದರಾಬಾದಿನಿಂದ ಬಿಡುಗಡೆಯಾಗುವಾಗ ವಾರಕ್ಕೊಂದು ಗುಳಿಗೆ ಬರೆದಿದ್ದರು. ಅಲೆಂಡ್ರೊನೇಟ್ ಎಂದು ಹೆಸರು, ಎಲುಬು ಕರಗುವುದನ್ನು ತಡೆಯುವ ಔಷಧ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನೊಂದಿಗೆ ನುಂಗಿ, ಅರ್ಧ ತಾಸು ಮಲಗದೆ, ಏನೂ ತಿನ್ನದೆ ಇರಬೇಕು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಮೂರು ತಿಂಗಳು ಸರಿಯಾಗಿ ನಡೆಯಿತು. ಆ ವರ್ಷ ರಂಜಾನ್ ಮೇ ತಿಂಗಳಿನಲ್ಲಿ ಬಂತು. ರೋಜಾ ಇದ್ದಾಗ ಬೆಳಿಗ್ಗೆ ನೀರು ಕುಡಿಯುವಂತಿಲ್ಲವೆಂದು ನಾನಿ ಗುಳಿಗೆ ನಿಲ್ಲಿಸಿದರು. ಈದ್ ಆದ ಮೇಲೆ ಶುರು ಮಾಡಲು ಅವರಿಗೂ ನೆನಪಾಗಲಿಲ್ಲ, ನಮಗೂ ಆಗಲಿಲ್ಲ. ನೋವು ಇರಲಿಲ್ಲವಲ್ಲ! ಸಹರಿಗೆ ಅರ್ಧ ತಾಸು ಮೊದಲು ಎದ್ದು ನುಂಗಿದ್ದರೆ ಆಗುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಕೇಳಿದ್ದರೆ ಮೊದಲೇ ಹೇಳುತ್ತಿದ್ದರು, ನಾವು ಕೇಳಿರಲಿಲ್ಲ.

ನವೆಂಬರಿನಲ್ಲಿ ನಾನಿ ಅಕ್ಕಿಯ ಡಬ್ಬಿ ಸರಿಸಿದರು. ಸಿಮೆಂಟ್ ಹಾಕಿದ ಮಣಿಯ ಮೇಲಿನದು ಕುಸಿಯಿತು. ಗಟ್ಟಿಯಾದ ಮಣಿ ಪಕ್ಕದ್ದನ್ನು ಒತ್ತಿ ಮುರಿಯುತ್ತದೆಯೇ, ಅಥವಾ ಎಲ್ಲವೂ ಟೊಳ್ಳಾಗಿರುವುದರಿಂದ ಹೇಗಾದರೂ ಮುರಿಯುತ್ತಿತ್ತೇ ಎಂಬುದರಲ್ಲಿ ವೈದ್ಯರಲ್ಲಿಯೇ ಎರಡು ಮಾತಿದೆ. ನಾವು ಮಾತ್ರ ಒಂದು ಮಣಿಗೆ ಊರೂರು ಅಲೆದು, ಉಳಿದ 23ನ್ನು ಮರೆತಿದ್ದೆವು. ಈ ಸಲ ತಿಕ್ಕುವವರನ್ನು ಕರೆಯಲಿಲ್ಲ. ಎರಡನೆಯ ದಿನವೇ ಎಕ್ಸ್-ರೇ, ಬೆಲ್ಟು, ಗುಳಿಗೆ. ಸಿಮೆಂಟ್ ಹಾಕಿಸಲಿಲ್ಲ. ಎಂಟು ವಾರದಲ್ಲಿ ನೋವು ತಾನಾಗಿ ಇಳಿಯಿತು. ವಾರದ ಗುಳಿಗೆಯ ಬದಲು ವರ್ಷಕ್ಕೊಮ್ಮೆ ನರಕ್ಕೆ ಕೊಡುವ ಜೊಲೆಡ್ರೋನಿಕ್ ಆಸಿಡ್ ಎಂಬ ಡ್ರಿಪ್ ಹಾಕಿಸಿದೆವು, ಮೂರು ವರ್ಷ ತಪ್ಪಿಸಲಿಲ್ಲ.

ಖರ್ಚಿನ ಮಾತು ಹೇಳದಿದ್ದರೆ ತಾಯಂದಿರು ನನ್ನನ್ನು ಬಿಡುವುದಿಲ್ಲ. ಹೈದರಾಬಾದಿನ ಬಿಲ್ಲು ತೀರಿಸಲು ಮೂರು ಕಡೆ ಕೈಗಡ ಮಾಡಿದೆವು. ಎರಡು ವರ್ಷ ಹಿಡಿಯಿತು. ಆಗಲೇ 2018ರಿಂದ ನಮ್ಮ ರಾಜ್ಯದಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂದಿತ್ತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಆದರೆ ಅದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅವರೇ ಬರೆದುಕೊಟ್ಟ ಚೀಟಿ ಹಿಡಿದು ಮುಂದೆ ಹೋಗಬೇಕು. ನಾವು ನೇರವಾಗಿ ಕಾರು ಮಾಡಿಕೊಂಡು ಗಡಿ ದಾಟಿದೆವು. ನೀವು ಹಾಗೆ ಮಾಡಬೇಡಿ. ಇಲ್ಲಿ ರಿಮ್ಸ್ ಇದೆ, ಓಪೆಕ್ ಆಸ್ಪತ್ರೆ ಇದೆ. ಕಾರ್ಡು ಹಿಡಿದು ಆರೋಗ್ಯಮಿತ್ರರನ್ನು ಕೇಳಿ, ಯಾವ ಚಿಕಿತ್ಸೆ ಪಟ್ಟಿಯಲ್ಲಿದೆ, ಎಲ್ಲಿಗೆ ಕಳಿಸುತ್ತಾರೆ ಎಂದು ಬರೆಸಿಕೊಳ್ಳಿ. ನಮ್ಮ ಊರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಲ್ಲಿ ಜನ ಧರಣಿಗೆ ಕುಳಿತಾಗ ನಾನೂ ಒಂದು ದಿನ ಹೋಗಿ ಕುಳಿತಿದ್ದೆ. ನಾನಿ ರಸ್ತೆಯ ತಗ್ಗು ಎಣಿಸಿದ್ದು ನೆನಪಿತ್ತು.

ವಿದ್ಯಾರ್ಥಿನಿಯರೇ, ನಿಮಗೆ ಎರಡು ಮಾತು. ಎಲುಬಿನ ಬಂಡವಾಳ ಹೆಚ್ಚಿನ ಪಾಲು ಕೂಡುವುದು ಇಪ್ಪತ್ತರ ಆಸುಪಾಸಿನೊಳಗೆ. ಆಮೇಲೆ ಖರ್ಚೇ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಸುಣ್ಣದಂಶ ಬೇಕೆಂದು 2020ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿದೆ. ನಮ್ಮ ಜೋಳದ ರೊಟ್ಟಿಯಲ್ಲಿ ಶಕ್ತಿ ಇದೆ, ಸುಣ್ಣ ಕಡಿಮೆ. ನೂರು ಗ್ರಾಂ ಜೋಳದಲ್ಲಿ 30 ಮಿಲಿಗ್ರಾಮೂ ಇಲ್ಲ, ಅಷ್ಟೇ ರಾಗಿಯಲ್ಲಿ 350ರ ಹತ್ತಿರ. ಎಳ್ಳಿನಲ್ಲಿ ಇನ್ನೂ ಬಹಳ. ಸಂಕ್ರಾಂತಿಗೆ ನೆರೆಮನೆಯಿಂದ ಬರುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ವರ್ಷವಿಡೀ ಮಾಡಿಕೊಂಡು ತಿಂದರೆ ಯಾರು ಬೇಡವೆನ್ನುತ್ತಾರೆ? ಹಾಲು, ಮೊಸರು, ನುಗ್ಗೆಸೊಪ್ಪು ಇವೆ. ಇನ್ನು ಬಿಸಿಲು. ರಾಯಚೂರಿನಲ್ಲಿ ಬಿಸಿಲಿಗೆ ಬರವೇ ಎಂದು ನಗುತ್ತೀರಿ. ಆದರೆ ಡಿ ಜೀವಸತ್ವ ಚರ್ಮಕ್ಕೆ ಬಿಸಿಲು ತಾಗಿದರೆ ಮಾತ್ರ ಆಗುತ್ತದೆ, ಕಿಟಕಿಯ ಆಚೆ ಬಿದ್ದರೆ ಆಗುವುದಿಲ್ಲ. ಇದರಲ್ಲಿ ಬುರ್ಖಾದ ತಪ್ಪು ಏನೂ ಇಲ್ಲ, ಮನೆಯ ಮಾಳಿಗೆ, ಅಂಗಳ ನಮ್ಮವೇ ಅಲ್ಲವೇ? ಮುಖ, ಕೈ, ತೋಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಲಿ. ನನ್ನಂಥ ಮೂವತ್ತು ದಾಟಿದವರಿಗೂ ಇದೇ ಮಾತು. ಮುಟ್ಟು ನಿಂತ ತಾಯಂದಿರು, ಸ್ಟೀರಾಯ್ಡ್ ನುಂಗುತ್ತಿರುವವರು, ಎತ್ತರ ಕಡಿಮೆಯಾಗಿದೆ ಎನಿಸಿದವರು ಡೆಕ್ಸಾ ಎಂಬ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಅದರಲ್ಲಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಟೊಳ್ಳು ಮೂಳೆ.

ನಾನಿಗೆ ಈಗ ಎಂಬತ್ತರ ಹತ್ತಿರ. ಮಾನ್ವಿಯಲ್ಲಿ ಅಮ್ಮಿಯ ಜೊತೆ ಇದ್ದಾರೆ. ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡುತ್ತಾರೆ. ಕೊಡ ಎತ್ತುವುದಿಲ್ಲ, ಎತ್ತಲು ಬಿಡುವುದೂ ಇಲ್ಲ. "ಕಮರ್ ಟೂಟ್ ಗಯಿ" ಎಂದು ಈಗಲೂ ಹೇಳುತ್ತಾರೆ. ಹಾಗೆ ಅಂದಾಗಲೆಲ್ಲ ಅಮ್ಮಿ ಕೈಯಲ್ಲಿನ ಕೆಲಸ ಬಿಟ್ಟು ಹೋಗಿ, ಎಲ್ಲಿ, ಎಂದಿನಿಂದ ಎಂದು ಕೇಳುತ್ತಾರೆ.

ಅವರ ಎರಡೂ ಎಕ್ಸ್-ರೇ ತಂದಿದ್ದೇನೆ, ಅವರನ್ನು ಕೇಳಿಯೇ ತಂದದ್ದು. ಊಟದ ವಿರಾಮದಲ್ಲಿ ಆ ಬಲಗಡೆಯ ಕಿಟಕಿಯ ಹತ್ತಿರ ನಿಂತಿರುತ್ತೇನೆ. ಬೆಳಕಿಗೆ ಹಿಡಿದು ನೋಡಬೇಕೆನ್ನುವವರು ಬನ್ನಿ. ಸಿಮೆಂಟ್ ತುಂಬಿದ ಮೊಹ್ರಾ ಬೆಳ್ಳಗೆ ಕಾಣುತ್ತದೆ, ಅದರ ಮೇಲಿನದು ಬೆಣೆಯಂತೆ.